ಉಂಡದ್ದು ಎಲ್ಲಿಗೆ ಹೋಗುತ್ತದೆ?

ಮಕ್ಕಳೇ, ನಿಮ್ಮ ಓಣಿಯಲ್ಲಿ ಈ ಮಾತುಗಳನ್ನು ಕೇಳಿರುತ್ತೀರಿ. "ನಮ್ಮ ಹುಡುಗಗ ಎಷ್ಟು ಉಂಡ್ರೂ ಮೈಗೆ ಹತ್ತವಲ್ದು." "ಆಕಿ ನೀರು ಕುಡಿದ್ರೂ ಉಬ್ಬತಾಳ." "ಅವರ ವಂಶಾನೇ ತೆಳ್ಳಗ, ಏನು ಮಾಡೋದು?" ಬಾಗಳಿಯ ಕಲ್ಲೇಶ್ವರ ಗುಡಿಯ ಹತ್ತಿರ ಕುಳಿತ ಹಿರಿಯರು ಹೀಗೆ ಹೇಳುತ್ತಾರೆ. ಕೊಟ್ಟೂರಿನ ಸಂತೆಯಲ್ಲಿ, ಹಡಗಲಿಯ ಬಸ್ಸಿನಲ್ಲಿ ಕೂಡ ಇದೇ ಮಾತು. ಶಾಲೆಯಲ್ಲಂತೂ ಇನ್ನೂ ಚುರುಕು. ಒಬ್ಬನಿಗೆ 'ಕಡ್ಡಿ ಪೈಲ್ವಾನ' ಎಂಬ ಹೆಸರು, ಇನ್ನೊಬ್ಬಳಿಗೆ 'ಡುಮ್ಮಿ' ಎಂಬ ಹೆಸರು. ಹೆಸರಿಟ್ಟವರು ಮರೆಯುತ್ತಾರೆ. ಇಡಿಸಿಕೊಂಡವಳು ಮರುದಿನ ಬಿಸಿಯೂಟದ ತಟ್ಟೆ ಮುಂದೆ ಕುಳಿತು ಅರ್ಧ ಅನ್ನ ಬಿಡುತ್ತಾಳೆ.

ಮೈಗೆ ಹತ್ತುವುದು ಎಂದರೆ ಏನು? ಉಂಡ ರೊಟ್ಟಿ ಮೈಗೆ ಮೆತ್ತಿಕೊಳ್ಳುತ್ತದೆಯೇ? ಹತ್ತಲಿಲ್ಲ ಎಂದಾದರೆ ಆ ರೊಟ್ಟಿ ಹೋದದ್ದಾದರೂ ಎಲ್ಲಿಗೆ? ಯಾವ ವಸ್ತುವೂ ಸುಮ್ಮನೆ ಮಾಯವಾಗುವುದಿಲ್ಲ ಎಂದು ನೀವು ವಿಜ್ಞಾನದ ಪಾಠದಲ್ಲಿ ಓದಿದ್ದೀರಿ. ಹಾಗಿದ್ದ ಮೇಲೆ ರೊಟ್ಟಿಗೂ ಲೆಕ್ಕ ಸಿಗಬೇಕು. ಬನ್ನಿ, ಹುಡುಕೋಣ.

ಒಳಗಿನ ಒಲೆ

ಜೋಳದ ರೊಟ್ಟಿ ಬಾಯಿಗೆ ಹೋದ ಕ್ಷಣದಿಂದಲೇ ಅದರ ಪಿಷ್ಟ ಒಡೆಯತೊಡಗುತ್ತದೆ. ಸಣ್ಣ ಕರುಳನ್ನು ದಾಟುವ ಹೊತ್ತಿಗೆ ಅದು ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತಕ್ಕೆ ಸೇರಿರುತ್ತದೆ. ಬೇಳೆಯ ಪ್ರೋಟೀನು, ಎಣ್ಣೆಯ ಕೊಬ್ಬು ಕೂಡ ಹೀಗೆಯೇ ಚಿಕ್ಕ ಚಿಕ್ಕ ತುಣುಕುಗಳಾಗಿ ಒಳಗೆ ಬರುತ್ತವೆ. ಅಲ್ಲಿಂದ ಮುಂದೆ ಎರಡು ಬಗೆಯ ಕೆಲಸ ನಡೆಯುತ್ತದೆ. ಒಂದಷ್ಟು ತುಣುಕುಗಳನ್ನು ಜೋಡಿಸಿ ದೇಹ ತನ್ನ ಸ್ನಾಯು, ಮೂಳೆ, ಚರ್ಮ, ರಕ್ತ ಕಟ್ಟಿಕೊಳ್ಳುತ್ತದೆ. ಉಳಿದದ್ದನ್ನು ಆಮ್ಲಜನಕದೊಂದಿಗೆ ಸೇರಿಸಿ ಒಡೆದು, ಅದರಿಂದ ಶಕ್ತಿ ಪಡೆಯುತ್ತದೆ. ಕಟ್ಟುವುದು 'ಚಯ', ಕಳೆಯುವುದು 'ಅಪಚಯ'. ಎರಡೂ ಸೇರಿ 'ಚಯಾಪಚಯ'. ಡಾಕ್ಟರು ಮೆಟಬಾಲಿಸಂ ಎನ್ನುವುದು ಇದಕ್ಕೇ.

ಇದನ್ನು ಒಲೆಗೆ ಹೋಲಿಸುವುದು ಹಳೆಯ ರೂಢಿ. ಹೋಲಿಕೆ ಸುಳ್ಳೂ ಅಲ್ಲ. 1780ರ ದಶಕದಲ್ಲಿ ಫ್ರಾನ್ಸಿನ ಲವಾಸಿಯೇ ಮತ್ತು ಲಾಪ್ಲಾಸ್ ಎಂಬ ವಿಜ್ಞಾನಿಗಳು ಗಿನಿಪಿಗ್ ಎಂಬ ಇಲಿಯಂಥ ಪ್ರಾಣಿಯನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿ ಕೂರಿಸಿದರು. ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತು, ಅದು ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಬಿಟ್ಟಿತು ಎಂದು ಅಳೆದರು. ಇದ್ದಿಲು ಉರಿದಾಗ ಹೊರಬರುವ ಶಾಖಕ್ಕೂ ಅನಿಲಕ್ಕೂ ಅದನ್ನು ಹೋಲಿಸಿ ನೋಡಿದರು. ಉಸಿರಾಟವೂ ಒಂದು ಬಗೆಯ ನಿಧಾನದ ಉರಿಯೇ ಎಂಬ ತೀರ್ಮಾನಕ್ಕೆ ಬಂದರು. ಆದರೆ ನಮ್ಮ ಒಲೆಗೆ ಜ್ವಾಲೆಯಿಲ್ಲ, ಹೊಗೆಯಿಲ್ಲ. 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಜೀವಕೋಶಗಳ ಒಳಗೆ, ಮೆಲ್ಲಮೆಲ್ಲಗೆ ಉರಿಯುತ್ತದೆ. ಇನ್ನೊಂದು ಮುಖ್ಯ ವ್ಯತ್ಯಾಸವಿದೆ. ಮನೆಯ ಒಲೆಯನ್ನು ರಾತ್ರಿ ಆರಿಸುತ್ತೇವೆ. ಇದನ್ನು ಆರಿಸುವಂತಿಲ್ಲ.

ಮಲಗಿದವನ ಖರ್ಚು

ಬಹಳ ಜನ ತಪ್ಪು ತಿಳಿಯುವುದು ಇಲ್ಲಿಯೇ. ಓಡಿದರೆ, ಅಗೆದರೆ, ಮೂಟೆ ಹೊತ್ತರೆ ಮಾತ್ರ ಶಕ್ತಿ ಖರ್ಚು. ಸುಮ್ಮನೆ ಮಲಗಿದರೆ ಖರ್ಚೇ ಇಲ್ಲ ಎಂದುಕೊಳ್ಳುತ್ತಾರೆ. ಆದರೆ ನೀವು ಗಾಢ ನಿದ್ದೆಯಲ್ಲಿದ್ದಾಗಲೂ ಹೃದಯ ಬಡಿಯುತ್ತಿರುತ್ತದೆ. ಮೂತ್ರಪಿಂಡ ರಕ್ತವನ್ನು ಸೋಸುತ್ತಿರುತ್ತದೆ. ಯಕೃತ್ತು ನೂರೆಂಟು ರಸಾಯನಗಳನ್ನು ತಯಾರಿಸುತ್ತಿರುತ್ತದೆ. ಮೆದುಳಂತೂ ಒಂದು ನಿಮಿಷವೂ ಬಿಡುವು ತೆಗೆದುಕೊಳ್ಳುವುದಿಲ್ಲ. ದೊಡ್ಡವರ ಮೆದುಳು ಅವರ ತೂಕದ ನೂರಕ್ಕೆ 2 ಪಾಲು ಮಾತ್ರ. ಆದರೂ ವಿಶ್ರಾಂತಿಯಲ್ಲಿ ದೇಹ ಬಳಸುವ ಶಕ್ತಿಯ ಸುಮಾರು ಐದನೆಯ ಒಂದು ಪಾಲನ್ನು ಅದೇ ಬಳಸುತ್ತದೆ. ಐದಾರು ವರ್ಷದ ಮಗುವಿನಲ್ಲಿ ಈ ಪಾಲು ಇನ್ನೂ ದೊಡ್ಡದು. ಆ ಮಗುವಿನ ಇಡೀ ದಿನದ ಶಕ್ತಿಯಲ್ಲಿ ನೂರಕ್ಕೆ 40ಕ್ಕೂ ಹೆಚ್ಚು ಪಾಲು ಮೆದುಳಿಗೇ ಹೋಗುತ್ತದೆ. ಒಂದನೆಯ ತರಗತಿಯ ಪುಟಾಣಿಗಳನ್ನು ಇನ್ನು ಮೇಲೆ ಹಗುರವಾಗಿ ನೋಡಬೇಡಿ!

ಹೀಗೆ ಬರೀ ಜೀವ ಹಿಡಿದುಕೊಂಡಿರಲು ದೇಹ ಮಾಡುವ ಖರ್ಚಿಗೆ 'ತಳಮಟ್ಟದ ಚಯಾಪಚಯ' ಎನ್ನುತ್ತಾರೆ. ಶಕ್ತಿಯನ್ನು ಅಳೆಯುವ ಮಾನ ಕಿಲೋ ಕ್ಯಾಲೊರಿ. ಸುಮಾರು 50 ಕೆ.ಜಿ. ತೂಕದ ಗಂಡಸು ಏನೂ ಮಾಡದೆ ಇಡೀ ದಿನ ಮಲಗಿದ್ದರೂ ಹತ್ತಿರ ಹತ್ತಿರ 1,300 ಕಿಲೋ ಕ್ಯಾಲೊರಿ ಖರ್ಚಾಗುತ್ತದೆ. ಹಳೆಯ ಕಾಲದ 60 ವ್ಯಾಟ್ ಬುರುಡೆ ಬಲ್ಬನ್ನು ಹಗಲು ರಾತ್ರಿ ಉರಿಸಿಟ್ಟಂತೆ ಎನ್ನಿ. ಕಿಟಕಿ ಮುಚ್ಚಿದ ತರಗತಿಯಲ್ಲಿ ಐವತ್ತು ಜನ ಕುಳಿತರೆ ಸೆಕೆ ಏಕೆ ಏರುತ್ತದೆ ಎಂದು ಈಗ ಗೊತ್ತಾಯಿತಲ್ಲ? ಸಾಮಾನ್ಯವಾಗಿ ಓಡಾಡಿಕೊಂಡಿರುವ ಮನುಷ್ಯನ ದಿನದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹೀಗೆ ಸದ್ದಿಲ್ಲದೆ ನಡೆಯುವ ಖರ್ಚೇ.

ಲಾರಿ ಮತ್ತು ಬೈಕು

"ದಪ್ಪ ಇರುವವರ ಚಯಾಪಚಯ ನಿಧಾನ, ಅದಕ್ಕೇ ದಪ್ಪ. ತೆಳ್ಳಗಿರುವವರದು ಜೋರು, ಅದಕ್ಕೇ ಮೈಗೆ ಹತ್ತುವುದಿಲ್ಲ." ಈ ಮಾತನ್ನು ಓದಿದವರೂ ಹೇಳುತ್ತಾರೆ. ಕೇಳಲು ಸರಿಯೆನಿಸುತ್ತದೆ. ಅಳೆದು ನೋಡಿದರೆ ಬೇರೆಯೇ ಕಾಣುತ್ತದೆ.

ಅಳೆಯುವುದು ಹೇಗೆ? ಬೆಳಗ್ಗೆ, ರಾತ್ರಿಯಿಡೀ ಏನೂ ತಿನ್ನದ ಮನುಷ್ಯನನ್ನು ಆರಾಮವಾಗಿ ಮಲಗಿಸುತ್ತಾರೆ. ತಲೆಯ ಮೇಲೆ ಪಾರದರ್ಶಕವಾದ ಒಂದು ಮುಸುಕು. ಅವನು ಎಷ್ಟು ಆಮ್ಲಜನಕ ಎಳೆದುಕೊಂಡ, ಎಷ್ಟು ಇಂಗಾಲದ ಡೈಆಕ್ಸೈಡ್ ಬಿಟ್ಟ ಎಂಬುದನ್ನು ಯಂತ್ರ ಲೆಕ್ಕ ಹಾಕುತ್ತದೆ. ಲವಾಸಿಯೇ ಮಂಜುಗಡ್ಡೆ ಇಟ್ಟು ಮಾಡಿದ್ದನ್ನೇ ಈಗ ಗಾಳಿ ಅಳೆದು ಮಾಡುತ್ತಾರೆ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಪ್ರಕಾಶ್ ಶೆಟ್ಟಿ ಮತ್ತು ಅವರ ಸಂಗಡಿಗರು 1980 ಮತ್ತು 1990ರ ದಶಕಗಳಲ್ಲಿ ಇಂಥ ಅಳತೆಗಳನ್ನು ಬಹಳ ಎಚ್ಚರದಿಂದ ಮಾಡಿದರು. ಚೆನ್ನಾಗಿ ಉಂಡು ಬೆಳೆದವರು, ಹೊಟ್ಟೆ ತುಂಬ ಸಿಗದೆ ತೂಕ ಕಡಿಮೆಯಿದ್ದವರು ಎಲ್ಲರನ್ನೂ ಅಳೆದರು. ತೆಳ್ಳಗಿನವರ ದೇಹ ಒಟ್ಟಾರೆ ಕಡಿಮೆ ಶಕ್ತಿಯನ್ನೇ ಖರ್ಚು ಮಾಡುತ್ತಿತ್ತು. ಕೊಬ್ಬನ್ನು ಬಿಟ್ಟು ಉಳಿದ ಮೈಯ ತೂಕಕ್ಕೆ ಹೊಂದಿಸಿ ನೋಡಿದಾಗ ಅಂತರ ಬಹುಮಟ್ಟಿಗೆ ಇಲ್ಲವಾಯಿತು. ಅಂದರೆ ತೆಳ್ಳಗಿನವರ ಒಳಗೆ ಜೋರಾಗಿ ಉರಿಯುವ ವಿಶೇಷ ಒಲೆಯೇನೂ ಇರಲಿಲ್ಲ. ಒಲೆ ಚಿಕ್ಕದಾಗಿತ್ತು, ಅಷ್ಟೇ.

ಲಾರಿ ಮತ್ತು ಬೈಕನ್ನು ನೆನೆಯಿರಿ. ಎರಡೂ ನಿಂತಲ್ಲೇ ನಿಂತು ಇಂಜಿನ್ ಓಡುತ್ತಿದೆ. ಹೆಚ್ಚು ಇಂಧನ ಯಾವುದಕ್ಕೆ ಬೇಕು? ದೊಡ್ಡ ಮೈಯೂ ಹಾಗೆಯೇ. ಅದನ್ನು ನಡೆಸಲು ಹೆಚ್ಚು ಖರ್ಚು, ಹೊತ್ತು ನಡೆಯಲು ಇನ್ನೂ ಹೆಚ್ಚು. 'ಡುಮ್ಮಿ' ಎನಿಸಿಕೊಂಡವಳ ದೇಹ 'ಕಡ್ಡಿ ಪೈಲ್ವಾನ'ನ ದೇಹಕ್ಕಿಂತ ಹೆಚ್ಚು ಶಕ್ತಿಯನ್ನು ಉರಿಸುತ್ತಿರುತ್ತದೆ.

ಹಾಗಾದರೆ ಒಬ್ಬರು ತೆಳ್ಳಗೆ, ಒಬ್ಬರು ದಪ್ಪಗೆ ಇರುವುದೇಕೆ? ಒಂದೇ ಉತ್ತರವಿಲ್ಲ. ಒಂದೇ ತೂಕದ ಇಬ್ಬರಲ್ಲೂ ಖರ್ಚು ಸ್ವಲ್ಪ ಹೆಚ್ಚು ಕಡಿಮೆ ಇರುವುದುಂಟು. ಎಷ್ಟು ತಿಂದ ಮೇಲೆ 'ಸಾಕು' ಅನ್ನಿಸಬೇಕು ಎಂಬುದು ಬಹುಪಾಲು ಹುಟ್ಟಿನಿಂದ ಬಂದದ್ದು. ಅಣ್ಣತಮ್ಮಂದಿರಲ್ಲೂ ಬೇರೆ ಬೇರೆ. ನಾಲಿಗೆ ಚಪಲ ಎಂದು ಬೈಯುವುದು ಸುಲಭ, ಆದರೆ ಹಸಿವನ್ನು ಯಾರೂ ಅಂಗಡಿಯಲ್ಲಿ ಆರಿಸಿ ತಂದಿರುವುದಿಲ್ಲ. ಥೈರಾಯ್ಡ್ ಎಂಬ ಗ್ರಂಥಿಯ ರಸ ಕಡಿಮೆಯಾದರೆ ಒಲೆ ನಿಜವಾಗಿಯೂ ಮಂದವಾಗುತ್ತದೆ. ಹೆಚ್ಚಾದರೆ ಜೋರಾಗುತ್ತದೆ. ಆದರೆ ದಪ್ಪಗೋ ತೆಳ್ಳಗೋ ಇರುವ ಬಹುಪಾಲು ಜನರಲ್ಲಿ ಕಾರಣ ಅದಲ್ಲ. ರಕ್ತ ಪರೀಕ್ಷೆ ಮಾಡಿದರೆ ತಿಳಿಯುತ್ತದೆ, ಊಹೆ ಬೇಕಿಲ್ಲ.

ಇನ್ನೊಂದು ಕಾರಣ ನಮ್ಮ ಕಣ್ಣು. 'ಎಷ್ಟು ಉಂಡ್ರೂ' ಎಂಬ ಮಾತಿನ 'ಎಷ್ಟು'ವನ್ನು ಯಾರೂ ತೂಗಿರುವುದಿಲ್ಲ. ಕಾಗದದ ಮೇಲೆ ಗುಡ್ಡೆಯಂತೆ ಕಾಣುವ ಮಂಡಕ್ಕಿಯನ್ನು ತೂಗಿದರೆ 30 ಗ್ರಾಂ ಆದೀತು, ಅದರಲ್ಲಿ ಸುಮಾರು 100 ಕಿಲೋ ಕ್ಯಾಲೊರಿ. ಒಂದು ಹಿಡಿ ಶೇಂಗಾ ಕೂಡ 30 ಗ್ರಾಂ ತೂಗುತ್ತದೆ. ಅದರಲ್ಲಿ 150ಕ್ಕೂ ಹೆಚ್ಚು. ಒಂದು ಗ್ರಾಂ ಪಿಷ್ಟ ಅಥವಾ ಪ್ರೋಟೀನಿನಲ್ಲಿ 4 ಕಿಲೋ ಕ್ಯಾಲೊರಿ ಇದ್ದರೆ ಒಂದು ಗ್ರಾಂ ಎಣ್ಣೆಯಲ್ಲಿ 9. ಮಂಡಕ್ಕಿಯ ಜೊತೆಗಿನ ಮಿರ್ಚಿ ಹೀರಿಕೊಂಡ ಎಣ್ಣೆ ಕಣ್ಣಿಗೆ ಕಾಣುವುದೇ ಇಲ್ಲ.

ಒಂದು ಪೌಂಡು ಧಾನ್ಯದ ಕಥೆ

ಮಲಗಿದವನಿಗೂ ಖರ್ಚಿದೆ ಎಂಬ ಸಂಗತಿ ಬರೀ ಪಾಠದ ವಿಷಯವಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಹೋದಾಗ ಏನಾಗುತ್ತದೆ ಎಂದು ನಮ್ಮದೇ ಸೀಮೆ ಒಮ್ಮೆ ನೋಡಿದೆ.

1876ರಲ್ಲಿ ಮಳೆ ಕೈಕೊಟ್ಟಿತು. ಆಗ ಬಳ್ಳಾರಿ ಜಿಲ್ಲೆ ಬ್ರಿಟಿಷರ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಆ ಜಿಲ್ಲೆಯ ತಾಲ್ಲೂಕುಗಳು. 1878ರವರೆಗೆ ನಡೆದ ಆ ಬರದಲ್ಲಿ ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನ ಸತ್ತರು. ಬಳ್ಳಾರಿ ತೀರಾ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಒಂದು. ಸಂವತ್ಸರಗಳ ಹೆಸರಿನಿಂದ ಹಿರಿಯರು ಅದನ್ನು ಧಾತು–ಈಶ್ವರ ಬರ ಎನ್ನುತ್ತಿದ್ದರು.

ಸರ್ಕಾರ ಬರಗಾಲದ ಕಾಮಗಾರಿಗಳನ್ನು ತೆರೆಯಿತು. ಜನ ಕಲ್ಲು ಒಡೆಯಬೇಕು, ಮಣ್ಣು ಹೊರಬೇಕು, ಅದಕ್ಕೆ ಕೂಲಿ. 1877ರ ಜನವರಿಯಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಬಂದು ಖರ್ಚು ಹೆಚ್ಚಾಗುತ್ತಿದೆ ಎಂದು ಕೂಲಿಯನ್ನು ಇಳಿಸಿದ. ದುಡಿಯುವ ಗಂಡಸಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯಕ್ಕೆ ಆಗುವಷ್ಟು ಹಣ, ಮೇಲೆ ಒಂದಿಷ್ಟು ಚಿಲ್ಲರೆ. ಹೆಂಗಸರಿಗೂ ಮಕ್ಕಳಿಗೂ ಇನ್ನೂ ಕಡಿಮೆ.

ಈಗ ಲೆಕ್ಕದ ಪುಸ್ತಕ ತೆಗೆಯಿರಿ. 100 ಗ್ರಾಂ ಜೋಳದಲ್ಲಿ ಸುಮಾರು 340 ಕಿಲೋ ಕ್ಯಾಲೊರಿ. 450 ಗ್ರಾಮಿನಲ್ಲಿ ಎಷ್ಟು? 1,530. ಇದರಲ್ಲಿ ಮಲಗಿದ್ದರೂ ಆಗುವ ಖರ್ಚು 1,300 ಕಳೆಯಿರಿ. ಉಳಿದದ್ದು 230. ಇಷ್ಟರಲ್ಲಿ ಆ ಮನುಷ್ಯ ಬೆಳಗಿನಿಂದ ಸಂಜೆಯವರೆಗೆ ಬಿಸಿಲಿನಲ್ಲಿ ಕಲ್ಲು ಒಡೆಯಬೇಕು! ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಪಟ್ಟಿಯಂತೆ, ಭಾರವಾದ ದುಡಿಮೆ ಮಾಡುವ 65 ಕೆ.ಜಿ.ಯ ಗಂಡಸಿಗೆ ದಿನಕ್ಕೆ 3,470 ಕಿಲೋ ಕ್ಯಾಲೊರಿ ಬೇಕು. 50 ಕೆ.ಜಿ.ಯವನಿಗೆಂದು ಇಳಿಸಿ ಲೆಕ್ಕ ಹಾಕಿದರೂ 2,500 ದಾಟುತ್ತದೆ. ಆ ಚಿಲ್ಲರೆಗೆ ಬರಗಾಲದ ಬೆಲೆಯಲ್ಲಿ ಸಿಗುವ ಉಪ್ಪು ಮೆಣಸಿನಕಾಯಿ ಈ ಹಳ್ಳವನ್ನು ತುಂಬುವುದಿಲ್ಲ. ಕೊರತೆಯನ್ನು ದೇಹ ತನ್ನನ್ನೇ ಉರಿಸಿ ತುಂಬಿಸಿಕೊಳ್ಳುತ್ತದೆ. ಮೊದಲು ಕೊಬ್ಬು, ಜೊತೆಜೊತೆಗೇ ಸ್ನಾಯು.

ಆ ಕಾಲದಲ್ಲೇ ಇದನ್ನು ಕಂಡು ವಿರೋಧಿಸಿದವರಿದ್ದರು. ಮದ್ರಾಸ್ ಪ್ರಾಂತ್ಯದ ಆರೋಗ್ಯಾಧಿಕಾರಿಯಾಗಿದ್ದ ಕಾರ್ನಿಷ್ ಎಂಬ ವೈದ್ಯರು, ದುಡಿಯುವವನಿಗೆ ಕನಿಷ್ಠ ಒಂದೂವರೆ ಪೌಂಡು ಧಾನ್ಯ, ಅದರ ಜೊತೆ ಬೇಳೆ ತರಕಾರಿ ಬೇಕೇ ಬೇಕು ಎಂದು ವಾದಿಸಿದರು. ಕಾಮಗಾರಿಗಳಲ್ಲಿ ಜನ ಕೃಶವಾಗುತ್ತಿದ್ದುದು ಕಣ್ಣೆದುರಿಗೇ ಇತ್ತು. 1877ರಲ್ಲೇ ಕೆಲವು ತಿಂಗಳ ನಂತರ ಮದ್ರಾಸ್ ಸರ್ಕಾರ ಪ್ರಮಾಣವನ್ನು ಹೆಚ್ಚಿಸಿ ಬೇಳೆಯನ್ನೂ ಸೇರಿಸಿತು. ಆದರೂ ಅದು ಕಾರ್ನಿಷ್ ಕೇಳಿದಷ್ಟು ಆಗಿರಲಿಲ್ಲ. ಅಷ್ಟರಲ್ಲಿ ಹೋದ ಜೀವಗಳು ಹೋಗಿದ್ದವು.

"ಕಡಿಮೆ ಉಂಡರೆ ದೇಹ ಅದಕ್ಕೇ ಹೊಂದಿಕೊಳ್ಳುತ್ತದೆ" ಎಂದು ಈಗಲೂ ಹೇಳುವವರಿದ್ದಾರೆ. ಪೂರ್ತಿ ಸುಳ್ಳಲ್ಲ, ಆದರೆ ಅದರ ಬೆಲೆ ಕೇಳಿ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 36 ಮಂದಿ ಆರೋಗ್ಯವಂತ ಯುವಕರು ತಾವಾಗಿಯೇ ಮುಂದೆ ಬಂದು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿದ್ದರು. ಯುದ್ಧದಲ್ಲಿ ಹಸಿದವರನ್ನು ಮತ್ತೆ ಚೇತರಿಸಿಕೊಳ್ಳುವಂತೆ ಮಾಡುವುದು ಹೇಗೆಂದು ತಿಳಿಯಲು ನಡೆದ ಪ್ರಯೋಗವದು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ತಳಮಟ್ಟದ ಖರ್ಚು ನೂರಕ್ಕೆ 40ರಷ್ಟು ತಗ್ಗಿತು. ಬಹುಪಾಲು ತಗ್ಗಿದ್ದು ಮೈಯೇ ಕರಗಿ ಚಿಕ್ಕದಾದದ್ದರಿಂದ. ಉಳಿದದ್ದು ಒಲೆ ಮಂದವಾದದ್ದರಿಂದ. ಆದರೆ ಆ ಯುವಕರಿಗೆ ಬೇಸಗೆಯಲ್ಲೂ ಚಳಿಯಾಗುತ್ತಿತ್ತು, ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ, ಊಟದ ಹೊರತು ಬೇರೇನೂ ತಲೆಗೆ ಹತ್ತುತ್ತಿರಲಿಲ್ಲ. ಹೊಂದಿಕೊಳ್ಳುವುದು ಎಂದರೆ ಇದು.

ಬೆಳೆಯುವ ಮೈಯ ಲೆಕ್ಕ

ನಿಮ್ಮ ವಯಸ್ಸಿನವರ ಲೆಕ್ಕವಂತೂ ಬೇರೆ. ದೊಡ್ಡವರು ಖರ್ಚಾದಷ್ಟು ಉಂಡರೆ ಸಾಕು. ನೀವು ಅದರ ಮೇಲೆ ಮೈಯನ್ನೂ ಕಟ್ಟಬೇಕು. ಅದೇ 2020ರ ಪಟ್ಟಿಯಲ್ಲಿ 10ರಿಂದ 12 ವರ್ಷದ ಹುಡುಗಿಗೆ ದಿನಕ್ಕೆ 2,060, ಹುಡುಗನಿಗೆ 2,220 ಕಿಲೋ ಕ್ಯಾಲೊರಿ ಎಂದಿದೆ. ಅಮ್ಮ ಉಣ್ಣುವಷ್ಟನ್ನೇ ಅವಳ ಅರ್ಧ ತೂಕದ ನೀವು ಉಂಡರೆ ಅದು ಹೊಟ್ಟೆಬಾಕತನವಲ್ಲ.

2021ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಸೇರಿ 29 ದೇಶಗಳ 6,400ಕ್ಕೂ ಹೆಚ್ಚು ಜನರ ಅಳತೆಗಳನ್ನು ಒಟ್ಟುಗೂಡಿಸಿದರು. ಹುಟ್ಟಿ ಎಂಟು ದಿನವಾದ ಕೂಸಿನಿಂದ ಹಿಡಿದು 95 ವರ್ಷದ ಹಿರಿಯರವರೆಗೆ. ಮೈಯ ಗಾತ್ರಕ್ಕೆ ಹೊಂದಿಸಿ ನೋಡಿದಾಗ, ಒಂದು ವರ್ಷದ ಮಗುವಿನ ಒಲೆ ದೊಡ್ಡವರ ಒಲೆಗಿಂತ ಸುಮಾರು ಒಂದೂವರೆ ಪಟ್ಟು ಜೋರಾಗಿತ್ತು. ಅಲ್ಲಿಂದ ಇಪ್ಪತ್ತು ವರ್ಷದವರೆಗೆ ಮೆಲ್ಲಗೆ ಇಳಿಯಿತು. ಇಪ್ಪತ್ತರಿಂದ ಅರವತ್ತರವರೆಗೆ ಹೆಚ್ಚು ಕಡಿಮೆ ಒಂದೇ ಸಮ. ಅರವತ್ತರ ನಂತರವೇ ಮತ್ತೆ ಇಳಿತ. "ನಲವತ್ತಾಯ್ತು, ಮೆಟಬಾಲಿಸಂ ನಿಧಾನ ಆಗಿದೆ, ಅದಕ್ಕೇ ಹೊಟ್ಟೆ ಬಂದಿದೆ" ಎಂದು ಯಾರಾದರೂ ಮಾವ ಹೇಳಿದರೆ ಈ ಅಂಕಿಗಳನ್ನು ಮೆಲ್ಲಗೆ, ವಿನಯದಿಂದ ತಿಳಿಸಿ.

ಹನ್ನೊಂದು ಹನ್ನೆರಡರ ಸುಮಾರಿಗೆ ಹಲವು ಹುಡುಗಿಯರ, ಕೆಲವು ಹುಡುಗರ ಮೈ ಸ್ವಲ್ಪ ತುಂಬಿಕೊಳ್ಳುತ್ತದೆ. ದೇಹ ದೊಡ್ಡದಾಗಲು ಸಿದ್ಧವಾಗುವ ರೀತಿ ಅದು. ಈ ಹೊತ್ತಿನಲ್ಲಿ ಅಣಕಕ್ಕೆ ಹೆದರಿ ಊಟ ಬಿಟ್ಟರೆ ಕಡಿಮೆಯಾಗುವುದು ಬರೀ ಕೊಬ್ಬಲ್ಲ. ಮೂಳೆಗೂ ರಕ್ತಕ್ಕೂ ಹೋಗಬೇಕಾದ ಪಾಲು. ಕರ್ನಾಟಕದಲ್ಲಿ ಅಕ್ಷರ ದಾಸೋಹ 2002ರಲ್ಲಿ ಆರಂಭವಾಯಿತು. ಹಿರಿಯ ಪ್ರಾಥಮಿಕ ತರಗತಿಯವರಿಗೆ ಬಿಸಿಯೂಟದ ಅಳತೆ ದಿನಕ್ಕೆ 150 ಗ್ರಾಂ ಧಾನ್ಯ, 700 ಕಿಲೋ ಕ್ಯಾಲೊರಿ, 20 ಗ್ರಾಂ ಪ್ರೋಟೀನು. ಅಂದರೆ ದಿನಕ್ಕೆ ಬೇಕಾದುದರಲ್ಲಿ ಹತ್ತಿರ ಹತ್ತಿರ ಮೂರನೆಯ ಒಂದು ಪಾಲು. ತಟ್ಟೆಯಲ್ಲಿ ಬಿಟ್ಟ ಅರ್ಧ ಅನ್ನ ಎಂದರೆ ಎಷ್ಟೆಂದು ನೀವೇ ಲೆಕ್ಕ ಹಾಕಬಲ್ಲಿರಿ.

ಇನ್ನು ಮೈಗೆ ಹತ್ತದವರು. ಓಡಾಡಿಕೊಂಡು, ನಗುತ್ತ, ಪ್ರತಿವರ್ಷ ಎತ್ತರ ಬೆಳೆಯುತ್ತಿರುವ ತೆಳ್ಳಗಿನ ಹುಡುಗನ ಬಗ್ಗೆ ಚಿಂತೆ ಬೇಡ. ಆದರೆ ಕೆಲವೊಮ್ಮೆ 'ವಂಶ' ಮತ್ತು 'ದೃಷ್ಟಿ' ಎಂಬ ಎರಡು ಮಾತುಗಳ ಹಿಂದೆ ನಿಜವಾದ ಕಾರಣ ಅಡಗಿ ಕುಳಿತಿರುತ್ತದೆ. ಮನೆಯವರು ದುಡಿಮೆಗೆಂದು ಗುಳೆ ಹೋದಾಗ ಊಟದ ಹೊತ್ತು, ಪ್ರಮಾಣ ಎರಡೂ ತಪ್ಪುತ್ತವೆ. ಪದೇ ಪದೇ ಜ್ವರ, ಭೇದಿ ಬಂದರೆ ಉಂಡದ್ದು ನಿಲ್ಲುವುದಿಲ್ಲ; ಬರೀ ಜ್ವರವೇ ಒಲೆಯನ್ನು ಜೋರಾಗಿ ಉರಿಸುತ್ತದೆ. ಕರುಳಿನಲ್ಲಿ ಜಂತುಹುಳು ಇದ್ದರೆ ನೀವು ಉಂಡದ್ದರಲ್ಲಿ ಅವೂ ಪಾಲು ಕೇಳುತ್ತವೆ. ಕೊಕ್ಕೆಹುಳುವಾದರೆ ರಕ್ತವನ್ನೇ ಹೀರುತ್ತದೆ. 2015ರಿಂದ ಶಾಲೆಗಳಲ್ಲಿ ಜಂತುಹುಳು ನಿವಾರಣಾ ದಿನ ನಡೆಯುತ್ತಿರುವುದು ಇದಕ್ಕಾಗಿಯೇ. ಅಂದು ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ಜೇಬಿಗೆ ಹಾಕಿಕೊಳ್ಳದೆ ಅಲ್ಲೇ ಅಗಿದು ನುಂಗಿ. ಇಷ್ಟಾಗಿಯೂ ಒಬ್ಬ ಗೆಳೆಯನ ತೂಕ ತಿಂಗಳು ತಿಂಗಳಿಗೂ ಇಳಿಯುತ್ತಿದೆ, ಸುಸ್ತು, ಕೆಮ್ಮು, ಬಿಳಿಚಿಕೊಂಡ ಮುಖ ಎಂದಾದರೆ ಗುರುಗಳಿಗೆ ಹೇಳಿ. ಶಾಲೆಗೆ ಬರುವ ಆರೋಗ್ಯ ತಪಾಸಣೆಯ ತಂಡಕ್ಕೆ ತೋರಿಸಬಹುದು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳಿಸಬಹುದು. ದೃಷ್ಟಿ ತೆಗೆದರೆ ಹುಳು ಹೋಗುವುದಿಲ್ಲ.

ಬೆವರು, ನೀರು, ಮತ್ತು ಕಾಣದ ದಾರಿ

ಕೊಟ್ಟೂರು ಗುರು ಬಸವೇಶ್ವರನ ತೇರಿಗೆ ದೂರದೂರದಿಂದ ಜನ ನಡೆದೇ ಬರುವುದನ್ನು ನೀವು ನೋಡಿದ್ದೀರಿ. ನಡೆದು ಬಂದವರೊಬ್ಬರು ತೂಕ ನೋಡಿಕೊಂಡು "ಒಂದೇ ದಿನಕ್ಕೆ ಒಂದು ಕೆ.ಜಿ. ಕರಗಿದೆ" ಎಂದರೆ ನಂಬುತ್ತೀರಾ? ತೂಕ ಇಳಿದದ್ದು ನಿಜ. ಕರಗಿದ್ದು ಕೊಬ್ಬಲ್ಲ, ಹೋದದ್ದು ನೀರು. 60 ಕೆ.ಜಿ.ಯ ಮನುಷ್ಯ 10 ಕಿ.ಮೀ. ನಡೆದರೆ ಸುಮಾರು 400 ಕಿಲೋ ಕ್ಯಾಲೊರಿ ಖರ್ಚು. ಒಂದು ಕೆ.ಜಿ. ಮೈಕೊಬ್ಬಿನಲ್ಲಿ ಹತ್ತಿರ ಹತ್ತಿರ 7,700 ಇದೆ. ಭಾಗಿಸಿ ನೋಡಿ: ಒಂದು ಕೆ.ಜಿ. ಕರಗಲು ಎಷ್ಟು ದೂರ ನಡೆಯಬೇಕು? ಬೆವರು ಮೈಯನ್ನು ತಣ್ಣಗಿಡಲು ಬರುವ ನೀರು, ಉಪ್ಪು, ಕರಗಿದ ಕೊಬ್ಬಲ್ಲ. ನಾಲ್ಕು ಚೊಂಬು ನೀರು ಕುಡಿದರೆ ಆ ತೂಕ ಮರಳಿ ಬರುತ್ತದೆ, ಬರಲೇಬೇಕು. ಅದೇ ಕಾರಣಕ್ಕೆ, ನೀರು ಕುಡಿದರೆ ದಪ್ಪವಾಗುವುದೂ ಸುಳ್ಳು. ನೀರಿನಲ್ಲಿ ಒಂದು ಕ್ಯಾಲೊರಿಯೂ ಇಲ್ಲ. ಬಿಸಿನೀರಿಗೆ ಜೇನು ನಿಂಬೆ ಬೆರೆಸಿದರೆ ಕೊಬ್ಬು ಕರಗುತ್ತದೆ ಎನ್ನುವುದೂ ಹಾಗೆಯೇ. ತುಪ್ಪ ಬಿಸಿನೀರಿಗೆ ಕರಗುವುದನ್ನು ನೋಡಿ ಯಾರೋ ಕಟ್ಟಿದ ಊಹೆ ಇರಬೇಕು!

ಹಾಗಾದರೆ ಕೊಬ್ಬು ನಿಜವಾಗಿ ಖರ್ಚಾದಾಗ ಅದು ಹೋಗುವುದೆಲ್ಲಿಗೆ? ನಾಲ್ಕು ನೂರು ವರ್ಷಗಳ ಹಿಂದೆ ಇಟಲಿಯ ಸಾಂಟೋರಿಯೊ ಎಂಬ ವೈದ್ಯ ಈ ಪ್ರಶ್ನೆಯ ಬೆನ್ನು ಹತ್ತಿದ. ದೊಡ್ಡ ತಕ್ಕಡಿಗೆ ಕುರ್ಚಿ ಕಟ್ಟಿಸಿ, ಸುಮಾರು ಮೂವತ್ತು ವರ್ಷ ತನ್ನನ್ನೂ ತಾನು ತಿಂದದ್ದನ್ನೂ ವಿಸರ್ಜಿಸಿದ್ದನ್ನೂ ತೂಗಿದ. 1614ರಲ್ಲಿ ಪುಸ್ತಕ ಬರೆದ. ತಿಂದು ಕುಡಿದ 8 ಪಾಲಿನಲ್ಲಿ ಮಲಮೂತ್ರವಾಗಿ ಹೊರಬಂದದ್ದು 3 ಪಾಲು ಮಾತ್ರ. ಉಳಿದ 5 ಪಾಲು ಕಣ್ಣಿಗೆ ಕಾಣದೆ ಹೋಗುತ್ತಿತ್ತು. ಅನಿಲಗಳ ವಿಷಯ ಆಗಿನ್ನೂ ಯಾರಿಗೂ ತಿಳಿದಿರಲಿಲ್ಲ, ಪಾಪ.

ಉತ್ತರ ನಿಮ್ಮ ಮೂಗಿನ ಕೆಳಗೇ ಇದೆ. 2014ರಲ್ಲಿ ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದಂತೆ, 10 ಕೆ.ಜಿ. ಕೊಬ್ಬು ಪೂರ್ತಿ ಉರಿದರೆ ಅದರಲ್ಲಿ 8.4 ಕೆ.ಜಿ. ಇಂಗಾಲದ ಡೈಆಕ್ಸೈಡ್ ಆಗಿ ಉಸಿರಿನಲ್ಲಿ ಹೊರಹೋಗುತ್ತದೆ. ಉಳಿದ 1.6 ಕೆ.ಜಿ. ನೀರಾಗುತ್ತದೆ. ಇದೇ ಪ್ರಶ್ನೆಯನ್ನು ಅವರು ವೈದ್ಯರಿಗೂ ಆಹಾರ ತಜ್ಞರಿಗೂ ಕೇಳಿದಾಗ ಹೆಚ್ಚಿನವರು ತಪ್ಪು ಉತ್ತರ ಕೊಟ್ಟರಂತೆ. ಕೊಬ್ಬು ಶಾಖವಾಗಿ ಹೋಗುತ್ತದೆ ಎಂಬುದು ಬಹಳ ಜನರ ಉತ್ತರ. ಶಾಖಕ್ಕೆ ಹೀಗೆ ತೂಗುವಷ್ಟು ತೂಕವೆಲ್ಲಿ? ಹಾಗೆಂದು ಜೋರಾಗಿ ಉಸಿರು ಬಿಟ್ಟರೆ ತೆಳ್ಳಗಾಗುವುದಿಲ್ಲ. ಒಲೆ ಎಷ್ಟು ಉರಿದಿದೆಯೋ ಅಷ್ಟೇ ಹೊಗೆ. ಸುಮ್ಮನೆ ವೇಗವಾಗಿ ಉಸಿರಾಡಿದರೆ ತಲೆ ತಿರುಗುತ್ತದೆ, ಅಷ್ಟೇ.

ಮಾಡಿ ನೋಡಿ

ಎಲೆ ಅಡಿಕೆಯ ಸುಣ್ಣವನ್ನು ಒಂದು ಚಮಚದಷ್ಟು ತೆಗೆದುಕೊಂಡು ಒಂದು ಬಾಟಲಿ ನೀರಿಗೆ ಹಾಕಿ ಕಲಕಿ, ಮುಚ್ಚಿಡಿ. ಮರುದಿನ ಮೇಲಿನ ತಿಳಿಯನ್ನು ಮಾತ್ರ ಎರಡು ಲೋಟಗಳಿಗೆ ಸಮನಾಗಿ ಬಗ್ಗಿಸಿ. ಗಾಜಿನ ಲೋಟವಾದರೆ ಒಳ್ಳೆಯದು. ಎಳನೀರು ಕುಡಿಯುವ ಕೊಳವೆಯಿಂದ ಒಂದು ಲೋಟದ ತಿಳಿಗೆ ಮೆಲ್ಲಗೆ ಊದಿ. ಊದಬೇಕು, ಹೀರಬಾರದು, ಸುಣ್ಣದ ನೀರು ಬಾಯಿಗೆ, ಕಣ್ಣಿಗೆ ಹೋಗಬಾರದು. ಆದ್ದರಿಂದ ಗುರುಗಳ ಎದುರಿಗೇ ಮಾಡಿ. ತಿಳಿ ಹಾಲಿನಂತೆ ಬೆಳ್ಳಗಾಗಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಗೆಳೆಯರು ಎಣಿಸಲಿ. ಆಮೇಲೆ ಆಟದ ಮೈದಾನಕ್ಕೆ ಎರಡು ಸುತ್ತು ಓಡಿ ಬಂದು, ಕೂಡಲೇ ಎರಡನೆಯ ಲೋಟಕ್ಕೆ ಊದಿ. ಈ ಸಲ ಬೇಗ ಬೆಳ್ಳಗಾಗುತ್ತದೆಯೇ, ಎಷ್ಟು ಬೇಗ, ಬರೆದಿಡಿ. ತೆಳ್ಳಗಿನವರು, ದಪ್ಪಗಿನವರು ಎಲ್ಲರೂ ಊದಿ ನೋಡಬಹುದು; ಯಾರ ಉಸಿರಾದರೂ ತಿಳಿ ಬೆಳ್ಳಗಾಗುತ್ತದೆ.

ಬಿಳುಪಾಗಿ ತಳಕ್ಕೆ ಇಳಿಯುವ ಪುಡಿ ಕ್ಯಾಲ್ಸಿಯಂ ಕಾರ್ಬೊನೇಟ್, ಸೀಮೆಸುಣ್ಣದ ಬಂಡೆಯಲ್ಲಿ ಇರುವಂಥದ್ದೇ. ಅದರಲ್ಲಿರುವ ಇಂಗಾಲದ ಒಂದು ಪಾಲು, ಒಂದೆರಡು ದಿನದ ಹಿಂದೆ ನೀವು ಉಂಡ ರೊಟ್ಟಿಯದೂ ಆಗಿರಬಹುದು.